ಬಸಿದ ನೀರು

ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಲೋಟ ತೊಳೆಯದ ಗಂಡಸು ಇದ್ದಕ್ಕಿದ್ದಂತೆ ಸೊಪ್ಪಿನ ಮೇಲೆ ಭಾಷಣ ಬಿಗಿಯತೊಡಗಿದರೆ ಯಾವ ಹೆಂಡತಿಗೆ ತಾನೇ ಮೈ ಉರಿಯುವುದಿಲ್ಲ? ಆ ಭಾನುವಾರ ಬೆಳಿಗ್ಗೆ ಅವನು ಎರಡು ಕೈಯಲ್ಲಿ ಎರಡು ಚೀಲ ಹಿಡಿದು, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಬಂದ. ಊರವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಮೆಕ್ಯಾನಿಕ್ ಅವನು. ತಾನಿರುವ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇಲ್ಲ. ಹೆಂಡತಿ ಆಗಷ್ಟೇ ಒರೆಸಿದ್ದ ಅಡಿಗೆಕಟ್ಟೆಯ ಮೇಲೆ ಚೀಲಗಳನ್ನು ಬೋರಲು ಹಾಕಿದ. ಮಣ್ಣು, ಬೇರು, ಎರಡು ಬಸವನಹುಳುಗಳ ಸಮೇತ ಸೊಪ್ಪು ಗುಡ್ಡೆಯಾಯಿತು.

"ಮೂಸಿ ನೋಡು," ಎಂದು ಒಂದು ಕಟ್ಟು ಪಾಲಕ್ಕನ್ನು ಅವಳ ಮೂಗಿಗೇ ಹಿಡಿದ. "ಇದು ಸೊಪ್ಪು ಅಂದ್ರೆ. ಇಷ್ಟು ದಿನ ನೀನು ಮೂಲೆ ಅಂಗಡಿಯಿಂದ ತರ್ತಿದ್ದದ್ದು ಹುಲ್ಲು."

"ಹುಲ್ಲು ತಿಂದೇ ಇಷ್ಟು ದಪ್ಪ ಆಗಿದ್ದೀರಲ್ಲ, ಪರವಾಗಿಲ್ಲ."

"ತಮಾಷೆ ಅಲ್ಲ ಕಣೇ. ರೈತರು ಬೆಳಗಿನ ಜಾವ ಕಿತ್ತು ನೇರ ತಂದು ಮಾರ್ತಾರೆ. ಗೋಡೌನಿಲ್ಲ, ಫ್ರಿಜ್ಜಿಲ್ಲ, ಔಷಧಿ ಇಲ್ಲ. ನಮ್ಮ ಸೂಪರ್ವೈಸರಿಗೆ ಬಿಪಿ ಇತ್ತು. ಆರು ತಿಂಗಳು ಆ ಸಂತೆ ತರಕಾರಿ ತಿಂದು ಈಗ ಕುದುರೆ ಥರ ಓಡಾಡ್ತಾರೆ."

"ಕುದುರೆ ಆಗೋದು ಆಮೇಲೆ. ಇದನ್ನ ಬಿಡಿಸಿ ತೊಳೆಯೋರು ಯಾರು?"

ಅವನು ಅಷ್ಟು ಹೊತ್ತಿಗೆ ಪಡಸಾಲೆಗೆ ಹೋಗಿ ಕಾಲು ಚಾಚಿ ಕೂತಾಗಿತ್ತು. ಸುಳ್ಳು ಹೇಳಬಾರದು, ಸೊಪ್ಪು ಚೆನ್ನಾಗಿತ್ತು. ಆ ಹಸಿರನ್ನು ಅವಳು ನೋಡಿಯೇ ಬಹಳ ದಿನವಾಗಿತ್ತು. ಕ್ಯಾರೆಟ್ಟನ್ನು ಹನ್ನೊಂದು ವರ್ಷದ ಮಗಳು ತೊಳೆದದ್ದೇ ತಡ ಕಟಕಟನೆ ಕಡಿದು ಮುಗಿಸಿದಳು, ಅದೂ ಬೇಯಿಸಿದ ಕ್ಯಾರೆಟ್ ಕಂಡರೆ ತಟ್ಟೆ ತಳ್ಳುವ ಹುಡುಗಿ. ನಾಲ್ಕು ವಾರ ಕಳೆಯುವುದರೊಳಗೆ ಗಂಡನ ಹಳೇ ಮಲಬದ್ಧತೆಯೂ ಮಾಯವಾಯಿತು. ಆ ಸುದ್ದಿಯನ್ನು ಅವನು ಊಟದ ಹೊತ್ತಿನಲ್ಲೇ ಎಲ್ಲರಿಗೂ ಸಾರಿದ. ಸಂತೆಗೆ ಹೋಗಿಬರುವ ಎರಡು ಮೈಲಿ ನಡಿಗೆಗೆ ಹೊಟ್ಟೆಯೂ ಒಂದಿಷ್ಟು ಕರಗಿತ್ತು. ಇಷ್ಟಕ್ಕೇ ನಿಂತಿದ್ದರೆ ಅವಳೂ ಸಂತೆಗೆ ಕೈಮುಗಿದುಬಿಡುತ್ತಿದ್ದಳು.

ಆದರೆ ಆ ಮನೆಯಲ್ಲಿ ಅತ್ತೆ ಇದ್ದರು, ಅತ್ತೆಗೆ ಕಿಡ್ನಿ ಕೆಟ್ಟಿತ್ತು.

ಮೂವತ್ತು ವರ್ಷ ಒಂದು ಶಾಲೆಯಲ್ಲಿ ಗಂಟೆ ಬಾರಿಸಿ ನಿವೃತ್ತಿಯಾದ ಹೆಂಗಸು ಅವರು. ಮೈ ಇಳಿದುಹೋಗಿದ್ದರೂ ಗಂಟಲು ಮಾತ್ರ ಇನ್ನೂ ಮೈದಾನದ ಆ ತುದಿಗೆ ಕೇಳುವಂಥದ್ದು. ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹೆಂಗಸಿನ ಮುಂದೆ ಎಲ್ಲರೂ ಕೂತಿದ್ದರು. ಡಯಟ್ ಮೇಡಂ ಎಂದು ಎಲ್ಲರೂ ಕರೆಯುವ ಆಕೆ ಮೊದಲು ಕೇಳಿದ್ದೇ, "ಮನೇಲಿ ಅಡಿಗೆ ಯಾರು ಮಾಡೋದು?" ಎಂದು. ಅತ್ತೆ, ಗಂಡ, ನಾದಿನಿ, ಮೂವರ ಬೆರಳೂ ಒಟ್ಟಿಗೇ ಅವಳ ಕಡೆ ತಿರುಗಿದ್ದವು. ಗಂಡ ಟೀ ಕುಡಿದು ಬರುತ್ತೇನೆಂದು ಎದ್ದುಹೋದ. ನಾದಿನಿಗೆ ಫೋನು ಬಂತು. ಒಂದು ಗಂಟೆ ಕೂತು ಪಾಠ ಕೇಳಿದವಳು ಸೊಸೆಯೊಬ್ಬಳೇ. ಸೊಪ್ಪು ಆದಷ್ಟು ಕಡಿಮೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ ಬಿಸಿನೀರಲ್ಲಿ ನೆನೆಹಾಕು, ಆ ನೀರು ಚೆಲ್ಲು. ಬೇರೆ ನೀರು ತುಂಬಾ ಇಟ್ಟು ಕುದಿಸು, ಅದನ್ನೂ ಚೆಲ್ಲು. ಆಮೇಲೆ ಒಗ್ಗರಣೆ. ಅಂದಿನಿಂದ ಅವಳು ದಿನಾ ಮುಂಜಾನೆ ಎದ್ದು ಎರಡು ಪಾತ್ರೆ ನೀರು ಸಿಂಕಿಗೆ ಸುರಿದು, ಆರೂವರೆಯ ಬಸ್ ಹಿಡಿದು, ದೊಡ್ಡ ಹೋಟೆಲಿನ ಲಾಂಡ್ರಿಗೆ ಹೋಗಿ ಸಂಜೆಯವರೆಗೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

ಸಂತೆ ಸೊಪ್ಪು ಮನೆಗೆ ಬಂದ ಮೂರನೇ ದಿನ ಅವಳು ಎಂದಿನಂತೆ ನೀರು ಬಸಿಯುತ್ತಿದ್ದಾಗ ಹಿಂದಿನಿಂದ ಗಂಡ ಕಿರುಚಿದ.

"ಅಯ್ಯೋ, ಏನ್ ಮಾಡ್ತಿದ್ದೀಯ! ಸತ್ವ ಎಲ್ಲಾ ಮೋರಿಗೆ ಹಾಕ್ತಿದ್ದೀಯಲ್ಲೇ!"

"ಇವತ್ತೇನು ಹೊಸದಾ? ನಾಲ್ಕು ತಿಂಗಳಿಂದ ಹಾಕ್ತಿದ್ದೀನಿ. ಡಯಟ್ ಮೇಡಂ ಹೇಳಿದ್ದಾರೆ."

"ಅವರು ಹೇಳಿದ್ದು ಅಂಗಡಿ ತರಕಾರಿಗೆ. ಅದಕ್ಕೆ ಔಷಧಿ ಹೊಡೆದಿರ್ತಾರೆ. ಕುದಿಸಿದ್ರೆ ಅದು ನೀರಿಗೆ ಇಳಿಯುತ್ತೆ, ಅದಕ್ಕೇ ಚೆಲ್ಲಿ ಅಂತಾರೆ. ಇದಕ್ಕೆ ಔಷಧೀನೇ ಹೊಡೆದಿಲ್ಲ. ಮತ್ತೆ ಚೆಲ್ಲೋದ್ಯಾಕೆ?"

"ಔಷಧಿ ವಿಷಯ ಅಲ್ಲರೀ ಅದು. ಪೊಟ್ಯಾಷಿಯಂ ಅಂತ ಒಂದಿರುತ್ತಂತೆ. ಎಷ್ಟು ಒಳ್ಳೇ ಸೊಪ್ಪಾದ್ರೂ ಅದರ ಒಳಗೇ ಇರುತ್ತಂತೆ. ನಮಗೆ ಅದು ಒಳ್ಳೇದು. ಅತ್ತೆ ಕಿಡ್ನಿ ಅದನ್ನ ಹೊರಗೆ ಹಾಕಲ್ವಂತೆ, ರಕ್ತದಲ್ಲೇ ನಿಂತ್ರೆ ಎದೆಬಡಿತ ಕೆಡುತ್ತಂತೆ."

"ಅಂತೆ, ಅಂತೆ, ಅಂತೆ! ಬರೀ ಅಂತೆ ಕಂತೆಗಳ ಸಂತೆ."

ಅದೇ ವೇಳೆಗೆ ಪಕ್ಕದ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ನಾದಿನಿ ತಾಯಿಯನ್ನು ನೋಡಲು ಬಂದಳು. ಎರಡು ಮಾತು ಕಿವಿಗೆ ಬಿದ್ದದ್ದೇ ಸಾಕು, ಮೂಗು ತೂರಿಸಿದಳು. "ಅಣ್ಣ ಹೇಳೋದು ಸರಿ ಅತ್ತಿಗೆ. ರಸ ಚೆಲ್ಲಿ ಸಿಪ್ಪೆ ತಿನ್ನಿಸ್ತಿದ್ದೀರ ನಮ್ಮಮ್ಮಂಗೆ. ಅದಕ್ಕೇ ನೋಡಿ, ಮುಖದಲ್ಲಿ ಕಳೆಯೇ ಇಲ್ಲ."

"ಹಾಗಾದ್ರೆ ನೀನೇ ಕರ್ಕೊಂಡು ಹೋಗಿ ಒಂದು ತಿಂಗಳು ಇಟ್ಕೊಂಡು ರಸ ಕುಡಿಸಮ್ಮ."

ನಾದಿನಿಗೆ ತಟ್ಟನೆ, ಬೆಳಗಿನ ಆರು ಗಂಟೆಗೇ, ಪಾರ್ಲರಿನಲ್ಲಿ ಗಿರಾಕಿ ಕಾಯುತ್ತಿರುವುದು ನೆನಪಾಯಿತು. ಅತ್ತೆ ಮಂಚದ ಮೇಲಿಂದ, "ಅಲ್ವೇ, ನಾನಿನ್ನೂ ಬದುಕಿದ್ದೀನಿ, ನನ್ನ ಬಾಯಿಗೆ ಏನು ಬೇಕು ಅಂತ ಯಾರಾದ್ರೂ ನನ್ನ ಕೇಳ್ತೀರಾ?" ಎಂದರು. ಯಾರೂ ಕೇಳಲಿಲ್ಲ. ಸೊಸೆಗೂ ಬಸ್ಸಿಗೆ ಹೊತ್ತಾಗಿತ್ತು.

ಒಂದು ವಾರ ಅವನು ಮುಖ ಊದಿಸಿಕೊಂಡೇ ಇದ್ದ. ಆಮೇಲೆ ಒಂದು ಬೆಳಿಗ್ಗೆ ಅಡಿಗೆಮನೆಗೆ ಬಂದು, ಎಂದೂ ಆಡದ ಮಾತೊಂದನ್ನು ಆಡಿದ.

"ನಿನಗೆ ಬಸ್ಸಿಗೆ ಹೊತ್ತಾಗುತ್ತೆ. ನೀನು ಒಲೆ ಮೇಲಿಟ್ಟು ಹೋಗು. ನೀರು ನಾನು ಬಸೀತೀನಿ."

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನಿಮಗೆ ಜ್ವರ ಗಿರ ಬಂದಿದೆಯಾ?"

"ಎರಡು ಸಲ ಬಸೀಬೇಕು, ಅಷ್ಟೇ ತಾನೇ? ಲಿಫ್ಟಿನ ಮೋಟಾರ್ ಬಿಚ್ಚಿ ಜೋಡಿಸ್ತೀನಿ, ಇದು ಬರಲ್ವಾ?"

ಆ ದಿನ ಲಾಂಡ್ರಿಯಲ್ಲಿ ಅವಳು ಅದನ್ನು ನಾಲ್ಕು ಜನರಿಗೆ ಹೇಳಿದಳು. ಹೇಳುವಾಗ ಮುಖ ಅರಳಿತ್ತು. ಎದುರಿನ ಮೇಜಿನಲ್ಲಿ ದಿಂಬಿನ ಚೀಲ ಮಡಿಸುವ ಹಿರಿಯಾಕೆ ಮಾತ್ರ, "ಹೇಳಿಸ್ಕೊಳ್ದೆ ಕೆಲಸ ಮಾಡೋ ಗಂಡನ ಮೇಲೆ ಒಂದು ಕಣ್ಣಿಟ್ಟಿರಮ್ಮ," ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಪಾಪ, ದಿನಕ್ಕೆ ಹದಿನೈದು ನಿಮಿಷ ಉಳಿಯಿತೆಂದು ಎಷ್ಟು ಹಿಗ್ಗಿದಳೋ! ಆ ಹದಿನೈದು ನಿಮಿಷದಲ್ಲಿ ಕೂತು, ಬಿಸಿಬಿಸಿ ಟೀ ಕುಡಿದು ಬಸ್ಸು ಹತ್ತತೊಡಗಿದಳು. ಮದುವೆಯಾದ ಮೇಲೆ ಬೆಳಗಿನ ಟೀಯನ್ನು ಕೂತು ಕುಡಿದದ್ದು ಅದೇ ಮೊದಲು.

ಮೊದಲ ಕೆಲವು ದಿನ ಅತ್ತೆ ಗೆಲುವಾಗಿದ್ದರು. ಮಗನನ್ನು ಹೊಗಳಿದರು. "ನನ್ನ ಮಗ ಬೆಳಿಗ್ಗೆ ನನ್ನ ಹತ್ರ ಬಂದು ಕೂತ್ಕೋತಾನೆ ಕಣೇ, ಹತ್ತು ನಿಮಿಷ ಮಾತಾಡ್ತಾನೆ," ಎಂದು ಸೊಸೆಗೆ ಹೇಳಿದರು. ಒಳ್ಳೆಯದಾಯಿತು ಬಿಡಿ ಎಂದಳು ಅವಳು. ಎರಡನೇ ವಾರ ಕಾಲು ಭಾರ ಎಂದರು. ವಯಸ್ಸು ಎಂದುಕೊಂಡರು ಎಲ್ಲರೂ. ಮೂರನೇ ವಾರ ಬಚ್ಚಲಿಗೆ ಹೋಗಲು ಎದ್ದವರು ಅಲ್ಲೇ ಕುಸಿದು ಕೂತರು. ಒದ್ದೆ ಹಾಸಿಗೆ ಬಟ್ಟೆಯ ಮೂಟೆ ಎತ್ತಿದ ಹಾಗಾಯಿತು ಅವರನ್ನು ಎತ್ತಿ ಮಲಗಿಸುವಷ್ಟರಲ್ಲಿ. ಅವಳಿಗೆ ಭಯವಾಯಿತು. ಸೊಪ್ಪನ್ನು ಪೂರ್ತಿ ನಿಲ್ಲಿಸಿ ಬರೀ ಎಲೆಕೋಸು ಹೆಚ್ಚಿದಳು. ಗಂಡ ಅದಕ್ಕೂ ಹೂಂ ಎಂದ. ತನಗೂ ಮಗಳಿಗೂ ಸೊಪ್ಪು ಬೇಯಿಸಿಡು, ಅದರ ನೀರೂ ನಾನೇ ಬಸೀತೀನಿ ಎಂದ.

ಶುಕ್ರವಾರ ಹತ್ತೂವರೆಗೆ ಲಾಂಡ್ರಿಯ ಆಫೀಸಿಗೆ ಫೋನು ಬಂತು. ಅವಳು ಏಪ್ರನ್ ಬಿಚ್ಚುವುದನ್ನೂ ಮರೆತು ಓಡಿದಳು.

ತುರ್ತು ವಾರ್ಡಿನ ಡಾಕ್ಟರು ಒಂದು ಉದ್ದದ ಕಾಗದ ಹಿಡಿದುಕೊಂಡು ನಿಂತಿದ್ದರು. "ರಕ್ತದಲ್ಲಿ ಪೊಟ್ಯಾಷಿಯಂ ವಿಪರೀತ ಏರಿದೆ. ಎದೆಬಡಿತ ನಿಧಾನ ಆಗಿಬಿಟ್ಟಿತ್ತು. ಸಂಜೆಯವರೆಗೆ ಬಿಟ್ಟಿದ್ರೆ ಹೃದಯ ನಿಲ್ತಿತ್ತು. ಏನು ಕೊಟ್ರಿ ಇವರಿಗೆ?"

ಗಂಡ ಫ್ಯಾನು ನೋಡಿದ. ನಾದಿನಿ, "ಅಡಿಗೆ ಎಲ್ಲಾ ಅತ್ತಿಗೇದೇ ಸಾರ್," ಎಂದಳು.

ಡಯಟ್ ಮೇಡಂ ಬಂದಳು. ಕೈಯಲ್ಲಿ ಅದೇ ಹಳೆಯ ಫೈಲು. ಹನ್ನೆರಡು ಮಂಚದ ವಾರ್ಡು, ರೋಗಿಗಳು, ಅವರ ಕಡೆಯವರು, ನೆಲ ಒರೆಸುವವಳು, ಎಲ್ಲರ ಎದುರೇ ಶುರುವಾಯಿತು. "ಒಂದು ಗಂಟೆ ಕೂರಿಸ್ಕೊಂಡು ಹೇಳಿಕೊಟ್ಟೆನಲ್ಲಮ್ಮ? ಹೂಂ ಹೂಂ ಅಂತ ತಲೆ ಆಡಿಸಿದ್ರಿ. ನೀರು ಚೆಲ್ಲೋಕೂ ಸೋಮಾರಿತನವಾ? ವಯಸ್ಸಾದವರ ಜೀವ ಅಂದ್ರೆ ಆಟನಾ?"

"ಇಲ್ಲ ಮೇಡಂ. ನಾನು ದಿನಾ... ಎರಡು ಸಲ..."

"ರಕ್ತ ಸುಳ್ಳು ಹೇಳುತ್ತಾ?"

ಅವಳು ಗಂಡನ ಮುಖ ನೋಡಿದಳು. ಅವನು ಇನ್ನೂ ಫ್ಯಾನನ್ನೇ ನೋಡುತ್ತಿದ್ದ, ರಿಪೇರಿಗೆ ಕರೆಸಿದ್ದಾರೇನೋ ಎಂಬಂತೆ. ಬಾಯಿ ಬಿಡಲಿಲ್ಲ. ಒಂದೇ ಒಂದು ಮಾತು! ಮಂಚದ ಮೇಲೆ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ ಅತ್ತೆ ಗೋಡೆಯ ಕಡೆ ತಿರುಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಎಮ್ಮೆ ಅಂದು ಏಪ್ರನ್ ತೊಟ್ಟು ಹನ್ನೆರಡು ಮಂಚಗಳ ನಡುವೆ ತಲೆ ತಗ್ಗಿಸಿ ನಿಂತಿತ್ತು.

ಮಾರನೇ ದಿನ ಮಧ್ಯಾಹ್ನ ಅತ್ತೆಯ ಬಟ್ಟೆ ತರಲೆಂದು ಮನೆಗೆ ಹೋದಳು. ಹೋಗುವ ದಾರಿಯುದ್ದಕ್ಕೂ ತನ್ನನ್ನೇ ವಿಚಾರಿಸಿಕೊಂಡಳು. ಟೊಮೇಟೊ ಜಾಸ್ತಿ ಹಾಕಿದೆನೇ? ಆಲೂಗೆಡ್ಡೆ ನೆನೆದದ್ದು ಸಾಲಲಿಲ್ಲವೇ? ಮಂಚದ ಕೆಳಗಿನ ಪೆಟ್ಟಿಗೆ ಎಳೆದಾಗ ಅದರ ಹಿಂದಿನಿಂದ ಏನೋ ಉರುಳಿ ಬಂತು. ದೊಡ್ಡ ಸ್ಟೀಲ್ ಲೋಟ. ಒಳಗೆ ಬಾಯಿಯಿಂದ ತಳದವರೆಗೆ ಒಣಗಿದ ಹಸಿರು ಗೆರೆಗಳು, ಒಂದರ ಕೆಳಗೊಂದು. ತಳದಲ್ಲಿ ಮೆಣಸಿನ ಪುಡಿ. ಮೂಸಿದಳು. ಪಾಲಕ್.

ನೀರು ನಾನು ಬಸೀತೀನಿ!

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹದಿನಾಲ್ಕು ವರ್ಷಕ್ಕೊಮ್ಮೆ ಮಾಡಿದ ಒಂದು ಸಹಾಯ, ಅದೂ ಇದಾ? ಕೂತು ಕುಡಿದ ಅಷ್ಟೂ ಟೀ ಗಂಟಲಿಗೆ ಬಂದ ಹಾಗಾಯಿತು. ಅಳು ಬರಲಿಲ್ಲ, ಸಿಟ್ಟು ಬಂತು, ಬಂದೇ ಬಂತು. ಲೋಟವನ್ನು ತೊಳೆಯದೆ ಹಾಗೇ ಸೀರೆಗಳ ನಡುವೆ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ವಾರ್ಡಿನಲ್ಲಿ ಗಂಡನೂ ನಾದಿನಿಯೂ ಇದ್ದರು. ಅವಳು ಲೋಟವನ್ನು ತೆಗೆದು ಔಷಧಿ ಇಡುವ ಮೇಜಿನ ಮೇಲೆ ಟಣ್ ಎಂದು ಇಟ್ಟಳು.

"ಇದೇನು?"

ಪಕ್ಕದ ಮಂಚದವರು ಕತ್ತು ಉದ್ದ ಮಾಡಿದರು.

"ನಿನ್ನೆ ಅಷ್ಟು ಜನರೆದುರು ನಾನು ಉಗಿಸ್ಕೊಂಡೆ. ಆಗ ಎಲ್ಲಿತ್ತು ನಿಮ್ಮ ನಾಲಿಗೆ? ಫ್ಯಾನಿನಲ್ಲಿತ್ತಾ?"

"ಮೆಲ್ಲಗೆ ಮಾತಾಡೇ, ಆಸ್ಪತ್ರೆ ಇದು."

"ನಿನ್ನೆ ಆಸ್ಪತ್ರೆ ಆಗಿರ್ಲಿಲ್ವಾ?"

ಅತ್ತೆ ನಿಧಾನವಾಗಿ ಈ ಕಡೆ ತಿರುಗಿದರು. "ಬೈಯ್ಬೇಡ್ವೇ ಅವನನ್ನ. ನಾನೇ ಕುಡಿದೆ. ನೀರು ಚೆಲ್ಬೇಕು ಅಂತ ನನಗೂ ಗೊತ್ತಿತ್ತು. ಆ ದಿನ ನಾನೂ ಕೇಳಿಸ್ಕೊಂಡಿದ್ದೆ."

"ಗೊತ್ತಿದ್ದೂ ಕುಡಿದ್ರಾ ಅತ್ತೆ?"

"ಹುಟ್ಟಿದಾಗಿನಿಂದ ನನ್ನ ಕೈಯಿಂದ ಈಸ್ಕೊಂಡೇ ಬೆಳೆದ ಮಗ. ಮೊದಲನೇ ಸಲ ಅವನ ಕೈಯಾರೆ ಏನೋ ಮಾಡಿ ತಂದು ಕೊಟ್ಟ. ಪಕ್ಕದಲ್ಲಿ ಕೂತು, ಕುಡಿ ಅಮ್ಮ ಅಂದ. ಹೇಗೆ ಬೇಡ ಅನ್ಲಿ?"

"ಸರಿ. ಬೇಡ ಅನ್ಬೇಡಿ. ನಿನ್ನೆ ನನ್ನನ್ನ ಸೋಮಾರಿ ಅಂದಾಗ? ಆಗಲೂ ಗೋಡೆ ನೋಡ್ತಾ ಮಲಗಿದ್ರಲ್ಲ?"

ಗಂಡ ಎದ್ದು ನಿಂತ. ಒಪ್ಪಿಕೊಳ್ಳುತ್ತಾನೆ ಎಂದುಕೊಂಡಳು ಅವಳು, ಹುಚ್ಚಿ. ಅವನೆಂದ, "ಎಲ್ಲಾ ಆ ಸಂತೆಯವರ ಮೋಸ. ಔಷಧಿ ಹೊಡೆದು, ಹೊಡೆದಿಲ್ಲ ಅಂತ ಮಾರಿದ್ದಾರೆ. ಇಲ್ದಿದ್ರೆ ಒಳ್ಳೇ ಸೊಪ್ಪಿನ ನೀರು ಹೀಗೆ ಮಾಡುತ್ತಾ?"

"ಹೌದಣ್ಣ," ಎಂದಳು ನಾದಿನಿ. "ಕಂಪ್ಲೇಂಟ್ ಕೊಡ್ಬೇಕು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನೆ ಹೆಂಡತಿ ಡೊಂಕು, ಇವತ್ತು ಸಂತೆ ಡೊಂಕು. "ಕೊಡೋಣ," ಎಂದಳು ಅವಳು. "ನಾಳೆ ಭಾನುವಾರ ತಾನೇ? ನಡೀರಿ, ಇಬ್ಬರೂ ಹೋಗಿ ಮುಖಾಮುಖಿ ಕೇಳೋಣ."

ಬಸ್ ಡಿಪೋದ ಹಿಂದಿನ ಬಯಲಿನಲ್ಲಿ ಸಂತೆ. ಟಾರ್ಪಾಲಿನ ಕೆಳಗೆ ಸಾಲುಸಾಲು ಬುಟ್ಟಿ, ಕ್ರೇಟು. ಅವಳು ಬಂದದ್ದು ಅದೇ ಮೊದಲು. ಅಲ್ಲಿ ಕೊಳ್ಳುವವರು ಬರೀ ಕೊಳ್ಳುತ್ತಿರಲಿಲ್ಲ. ನಿಂತು, ಇದನ್ನು ಹೇಗೆ ಬೇಯಿಸಬೇಕು, ಮಗುವಿಗೆ ಕೊಡಬಹುದೇ, ನಾಳೆಗೆ ಉಳಿಯುತ್ತದೆಯೇ ಎಂದೆಲ್ಲ ಕೇಳುತ್ತಿದ್ದರು. ಬೆಳೆದವರೇ ಎದುರಿಗಿದ್ದುದರಿಂದ ಉತ್ತರವೂ ಸಿಗುತ್ತಿತ್ತು. ಸೊಪ್ಪು ಮಾರುವ ಹೆಂಗಸು ಮಗುಚಿದ ಕ್ರೇಟಿನ ಮೇಲೆ ಕೂತು ಕಟ್ಟು ಕಟ್ಟುತ್ತಿದ್ದಳು. ಬೆರಳ ಸಂದಿಯಲ್ಲೆಲ್ಲ ಮಣ್ಣು.

ಗಂಡ ದೂರದಿಂದಲೇ ದನಿ ಏರಿಸಿದ. "ಏನಮ್ಮ, ಏನು ಹೊಡೀತೀರಿ ನಿಮ್ಮ ಸೊಪ್ಪಿಗೆ? ನಮ್ಮಮ್ಮ ಆಸ್ಪತ್ರೆ ಸೇರಿದ್ದಾರೆ!"

ಮಾರುವವಳು ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು. "ಕೊಟ್ಟೇಬಿಟ್ರಾ ಅಣ್ಣ? ಕಿಡ್ನಿ ತೊಂದರೆ ಇರೋ ಅಮ್ಮಂಗೆ?"

ಗಂಡ ಹೆಂಡತಿಯ ಕಡೆಗೊಮ್ಮೆ, ಬಂದ ದಾರಿಯ ಕಡೆಗೊಮ್ಮೆ ನೋಡಿದ.

"ನಾನು ಹೇಳಿದ್ದೆನಲ್ಲ ಅವತ್ತೇ! ಯಾರಿಗೆ ಇಷ್ಟು ಸೊಪ್ಪು ಅಂತ ಕೇಳಿದೆ. ನಮ್ಮಮ್ಮಂಗೆ, ಕಿಡ್ನಿ ತೊಂದರೆ, ಶಕ್ತಿ ಬರಲಿ ಅಂತ, ಅಂದ್ರಿ. ಬೇಡ ಅಣ್ಣ, ನಮ್ಮ ಭಾವನಿಗೂ ಅದೇ ಕಾಯಿಲೆ, ಸೊಪ್ಪು ಅವರಿಗಾಗಲ್ಲ, ಎಲೆಕೋಸು ತಗೊಂಡು ಹೋಗಿ, ಕುದಿಸಿ ನೀರು ಚೆಲ್ಲಿ, ಅಂದೆ. ನನ್ನ ಸೊಪ್ಪು ನಾನೇ ಬೇಡ ಅಂದೆ!" ಆಕೆ ಹೆಂಡತಿಯ ಕಡೆ ತಿರುಗಿದಳು. "ಅದಕ್ಕೆ ಏನಂದ್ರು ಗೊತ್ತಾ ಅಕ್ಕ? ನೀರು ಚೆಲ್ಲೋಳು ಮನೇಲಿ ಒಬ್ಬಳು ಇದ್ದಾಳಮ್ಮ, ಅದೇ ಇರೋ ತೊಂದರೆ, ಅಂದ್ರು."

ಪಕ್ಕದಲ್ಲಿ ಸೌತೆಕಾಯಿ ಆರಿಸುತ್ತಿದ್ದ ಮುದುಕ ಪಕ್ಕನೆ ನಕ್ಕುಬಿಟ್ಟ. ಹೆಂಡತಿ ನಗಲಿಲ್ಲ. ಡಯಟ್ ಮೇಡಂ ಹೇಳಿದ್ದಳು, ಹೆಂಡತಿ ಹೇಳಿದ್ದಳು, ಮಾರುವವಳೇ ತನ್ನ ವ್ಯಾಪಾರ ಬಿಟ್ಟು ಹೇಳಿದ್ದಳು. ಮೂವರು ಹೆಂಗಸರ ಮಾತು ಸೇರಿದರೂ ಒಬ್ಬ ಸೂಪರ್ವೈಸರನ ಮಾತಿನ ತೂಕ ಬರಲಿಲ್ಲವೇ ಈ ಮನುಷ್ಯನಿಗೆ? "ಎಲೆಕೋಸು ಒಂದು ಕೊಡಿ," ಎಂದಳು. "ಸಣ್ಣದು. ಮತ್ತೆ ನಮ್ಮ ಹುಡುಗಿಗೆ ಕ್ಯಾರೆಟ್." ಗಂಡ ಚೀಲಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ, ತಾನೇ ಹೊತ್ತು ನಡೆದಳು.

ಮಂಗಳವಾರ ಬೆಳಿಗ್ಗೆ ಅತ್ತೆಯನ್ನು ಮನೆಗೆ ಕಳಿಸಿದರು. ಹೋಗುವ ಮುಂಚೆ ಮತ್ತೊಮ್ಮೆ ಪಥ್ಯದ ಪಾಠ. ಡಯಟ್ ಮೇಡಂ ಹೊಸ ಕಾಗದ ತೆಗೆದು, ಪೆನ್ನು ಬಿಚ್ಚಿ, ತಲೆ ಎತ್ತದೆ ಕೇಳಿದಳು, "ಅಡಿಗೆ ಮಾಡೋರು ಈ ಕಡೆ ಬನ್ನಿ."

ನಾದಿನಿಯ ಬೆರಳು ಅಭ್ಯಾಸಬಲದಿಂದ ಅರ್ಧ ಎದ್ದಿತ್ತು.

"ಅವಳಲ್ಲ!" ಎಂದರು ಅತ್ತೆ ಗಾಲಿಕುರ್ಚಿಯಿಂದ. ಮೂವತ್ತು ವರ್ಷ ಮೈದಾನಕ್ಕೆ ಕೇಳಿಸಿದ ಗಂಟಲು ಅದು. ಕಾರಿಡಾರಿನ ಕೊನೆಯಲ್ಲಿದ್ದ ನರ್ಸ್ ಕೂಡ ತಿರುಗಿ ನೋಡಿದಳು. "ನನ್ನ ಸೊಸೆ ದಿನಾ ಎರಡು ಸಲ ನೀರು ಚೆಲ್ತಿದ್ಲು. ಆ ನೀರು ಹಿಡಿದು ನನಗೆ ಕುಡಿಸಿದ್ದು ನನ್ನ ಮಗ. ಕುಡಿದು ಬಾಯಿ ಮುಚ್ಕೊಂಡಿದ್ದವಳು ನಾನು. ಮೊನ್ನೆ ನೀವು ಬೈದದ್ದು ತಪ್ಪು ಮೇಡಂ. ಕೂರಿಸಿ ಇವನನ್ನ, ಇವನಿಗೆ ಹೇಳಿ."

ಡಯಟ್ ಮೇಡಂ ತಲೆ ಎತ್ತಿ ಸೊಸೆಯನ್ನು ನೋಡಿದಳು. ಏನೋ ಹೇಳಲು ಹೋಗಿ, "ಕೂತ್ಕೊಳ್ಳಿ ಸಾರ್," ಎಂದು ಕುರ್ಚಿ ತೋರಿಸಿದಳು. ಅವನಿಗೆ ಟೀ ನೆನಪಾಗಲಿಲ್ಲ. ಕೂತ.

"ಅತ್ತಿಗೆ, ನೀವೂ ಇರಿ, ಕೇಳಿಸ್ಕೊಳ್ಳಿ," ಎಂದಳು ನಾದಿನಿ.

"ನನಗೆ ಬರುತ್ತಮ್ಮ. ಮೊದಲಿನಿಂದಲೂ ಬರ್ತಿತ್ತು. ನೀನು ಕೂತ್ಕೋ."

ಅವಳು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲ ಸಂದಿಯಿಂದ ಪಾಠ ಕೇಳುತ್ತಿತ್ತು.

"ಮೊದಲನೇ ನೀರು?"

"ಚೆಲ್ಲಬೇಕು."

"ಎರಡನೇದು?"

"ಅದೂ ಚೆಲ್ಲಬೇಕು."

"ಯಾಕೆ?"

ಕುರ್ಚಿ ಸರಿಯಿತು. ಗಂಡ ಬಾಗಿಲಿಂದ ಅರ್ಧ ಮೈ ಹೊರಗೆ ಚಾಚಿ, ಪರೀಕ್ಷೆಯಲ್ಲಿ ಪಕ್ಕದವರನ್ನು ಕೇಳುವ ಹಾಗೆ ಪಿಸುಗುಟ್ಟಿದ.

"ಯಾಕೆ ಅಂತ ಕೇಳ್ತಿದ್ದಾರೆ ಕಣೇ. ಏನು ಹೇಳ್ಲಿ?"

"ನಾನು ಹೇಳಿದ್ದೆ," ಎಂದಳು ಅವಳು. ಆ ದಿನಕ್ಕೆಂದು ಬದಲಾಯಿಸಿಕೊಂಡಿದ್ದ ಹನ್ನೊಂದರ ಪಾಳಿಗೆ ಬಸ್ಸು ಬರುವ ಹೊತ್ತಾಗಿತ್ತು. ಮೆಟ್ಟಿಲಿಳಿದು ಹೋದಳು.